ಕುಲಸುಮಬೀಯ ಉಡಿಯ ಜೋಳ

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದಮೇಲಿನ ಮೂರನೆಯ ಶ್ರಾವಣ ಅದು. ಪಂಚಮಿ ಇನ್ನೂ ಮುಂದಿರುವಾಗಲೇ ಭಾಲ್ಕಿಯ ರುಕ್ಮಿಣಿಬಾಯಿ ಜೋಳದ ಅರಳು ಹುರಿದು, ಬೀಸಿ, ಬೆಲ್ಲದ ಪಾಕ ಹಿಡಿದು ಉಂಡಿ ಕಟ್ಟಿಟ್ಟಿದ್ದಳು. ಗಂಡ ತೀರಿಕೊಂಡ ಮೇಲೆ ಅವಳು ಹಬ್ಬಕ್ಕೆ ಅಷ್ಟು ಮನಸ್ಸು ಮಾಡಿದ್ದೇ ಇರಲಿಲ್ಲ. ಈ ಸಲ ಮಾಡಿದಳು, ಯಾಕೆಂದರೆ ಕುಲಸುಮಬೀ ಬಂದಿದ್ದಳು.

ಕುಲಸುಮಬೀ ಬಂದದ್ದು ಕರಾಚಿಯಿಂದ. ಕೈಯಲ್ಲೊಂದು ತಗಡಿನ ಪೆಟ್ಟಿಗೆ, ಸೆರಗಿನ ಗಂಟಿನಲ್ಲೊಂದು ಪರಮಿಟ್, ಇಷ್ಟೇ ಅವಳ ಸಂಸಾರ. ಆ ಪರಮಿಟ್ಟಿನ ಪ್ರಕಾರ ಅವಳು ಪರದೇಶದವಳು, ನೆಂಟರನ್ನು ಕಂಡು ಹೋಗಲು ಬಂದವಳು, ಭಾದ್ರಪದ ಹುಟ್ಟುವಷ್ಟರಲ್ಲಿ ವಾಪಸು ಹೋಗತಕ್ಕವಳು. ಅವಳು ಹುಟ್ಟಿದ್ದು ಇದೇ ತಾಲೂಕಿನ ಮೆಹಕರದಲ್ಲಿ, ಪಿಂಜಾರರ ಮನೆಯಲ್ಲಿ. ಲಗ್ನವಾಗಿ ಬಾಳಿದ್ದು ಭಾಲ್ಕಿಯಲ್ಲಿ, ರುಕ್ಮಿಣಿಬಾಯಿಯ ಮನೆಯಿಂದ ಎರಡು ಓಣಿ ಆಚೆ. ಗಂಡ ಉಸ್ಮಾನ ಮಿಯಾ ನಿಜಾಮನ ಸುಂಕದ ನಾಕೆಯಲ್ಲಿ ಜವಾನನಾಗಿದ್ದ. ಆಕ್ಷನ್ ಆದ ದಿನಗಳಲ್ಲಿ ಅವನ ತಮ್ಮನನ್ನು ಹೊಲದ ದಾರಿಯಲ್ಲಿ ಯಾರೋ ಹೊಡೆದು ಹಾಕಿದರು. ಅದನ್ನು ಕಂಡು ಎದೆಯೊಡೆದ ಉಸ್ಮಾನ ಮಿಯಾ ಹೆಂಡತಿಯನ್ನು ಕರೆದುಕೊಂಡು ಮುಂಬೈ ಸೇರಿ, ಹಡಗು ಹತ್ತಿ, ಕರಾಚಿಗೆ ಹೋದ. ಅಲ್ಲಿ ಎರಡು ವರ್ಷ ತಗಡಿನ ಗುಡಿಸಲಿನಲ್ಲಿದ್ದು, ಜ್ವರ ಬಂದು ಸತ್ತ. ಮಕ್ಕಳಿರಲಿಲ್ಲ. ಕುಲಸುಮಬೀಗೆ ಅಲ್ಲಿ ತನ್ನ ಮಾತು ತಿಳಿಯುವ ಒಂದು ಜೀವವೂ ಇರಲಿಲ್ಲ. ಹಾಗಾಗಿ ಅವಳು ಬಂದಳು. ಬಂದವಳೇ ಕಾಯಂ ಇಲ್ಲೇ ಇರುವುದಕ್ಕೆ ಪರಮಿಟ್ ಬೇಕೆಂದು ಬೀದರದ ಕಚೇರಿಗೆ ಅರ್ಜಿ ಹಾಕಿಸಿದಳು. ದೇಶ ಬಿಟ್ಟು ಹೋದವರ ಆಸ್ತಿ ಎಂದು ಅವಳ ಮನೆಗೆ ಸರಕಾರದ ಬೀಗ ಬಿದ್ದಿತ್ತು, ಅದರಿಂದ ರುಕ್ಮಿಣಿಬಾಯಿಯ ಪಡಸಾಲೆಯಲ್ಲಿ ಇಳಿದಿದ್ದಳು.

ರುಕ್ಮಿಣಿಬಾಯಿ ಅದೇ ಮೆಹಕರದ ಲಿಂಗವಂತರ ಹೆಣ್ಣುಮಗಳು. ಪಿಂಜಾರರ ಕುಲಸುಮಬೀ ಅವಳಿಗೆ ತಂಗಿ ಆದದ್ದು ಹೀಗೆ: ಕುಲಸುಮಬೀಯನ್ನು ಹೆತ್ತ ತಾಯಿ ಬಾಣಂತಿತನದಲ್ಲೇ ಹೋದಳು. ಆಗ ರುಕ್ಮಿಣಿಬಾಯಿ ಇನ್ನೂ ಮೊಲೆ ಬಿಡದ ಕೂಸು. ಅವಳ ಅವ್ವ ಪಿಂಜಾರರ ಕೂಸನ್ನೂ ಮಡಿಲಿಗೆ ಹಾಕಿಕೊಂಡಳು. ಊರವರು ಬಂದು ಕಟ್ಟೆಯ ಮೇಲೆ ಕೂತು ಅದೂ ಇದೂ ಹೇಳಿದಾಗ, "ನೀವು ಮಾತಾಡ್ಕೋತ ಕೂಡ್ರಿ, ಕೂಸು ಅಳ್ಳಕತ್ತದ" ಎಂದು ಒಳಗೆ ಹೋದಳಂತೆ. ಒಂದೇ ಹಾಲು ಕುಡಿದವರು ಒಡಹುಟ್ಟಿದವರು ಎಂದು ಕುಲಸುಮಬೀಯ ಅಪ್ಪ ಮಸೀದಿಯಲ್ಲಿ ನಾಲ್ಕು ಮಂದಿಯ ಮುಂದೆ ಹೇಳಿದ. ಅವರ ಧರ್ಮದಲ್ಲಿ ಅದು ಬರೀ ಬಾಯಿಮಾತಲ್ಲ, ಕಾನೂನು. ಅಂದಿನಿಂದ ಪ್ರತಿ ಪಂಚಮಿಗೆ ಅವ್ವ ಇಬ್ಬರನ್ನೂ ಒಂದೇ ಕಂಬಳಿಯ ಮೇಲೆ ಕೂಡಿಸಿ, ಸೆರಗಿಗೆ ಕಾಳು ಹಾಕಿ ಉಡಿ ತುಂಬುತ್ತಿದ್ದಳು. ಅವ್ವ ಹೋದ ಮೇಲೆ ರುಕ್ಮಿಣಿಬಾಯಿಯ ಅಣ್ಣ ಹಾವಗೆಪ್ಪ ತನ್ನ ಹೆಂಡತಿಯ ಕೈಯಿಂದ ತುಂಬಿಸಿದ. ಹಾವಗೆಪ್ಪ ರಜಾಕಾರರ ಗಲಾಟೆಯಲ್ಲಿ ಸಂತೆಯಿಂದ ಬರುವಾಗ ಸತ್ತ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ತನ್ನ ತವರು ಡಾಬಕಾಕ್ಕೆ ಹೋದಳು. ಮೆಹಕರದಲ್ಲಿ ಇಬ್ಬರಿಗೂ ತವರೆಂಬುದು ಉಳಿಯಲಿಲ್ಲ.

ಪಂಚಮಿಯ ದಿನ ರುಕ್ಮಿಣಿಬಾಯಿ ಪಡಸಾಲೆಯಲ್ಲಿ ಕಂಬಳಿ ಹಾಸಿ ಕುಲಸುಮಬೀಯನ್ನು ಕೂಡಿಸಿದಳು. ಮೊರದಲ್ಲಿ ಜೋಳ, ಒಂದು ಒಣಕೊಬ್ಬರಿ, ಅರಿಶಿನದ ಕೊಂಬು, ಒಂದು ಕುಪ್ಪಸದ ಖಣ. ಅಕ್ಕಿ ರೇಷನ್ನಿನಲ್ಲೂ ಸಿಗದ ಕಾಲ, ಅದಕ್ಕೇ ಜೋಳ.

"ಅಕ್ಕಾ, ಬ್ಯಾಡ" ಎಂದಳು ಕುಲಸುಮಬೀ. "ಅಂವ ಇಲ್ಲದಾಕಿಗಿ ಯಾರರ ಉಡಿ ತುಂಬ್ತಾರೇನು?"

"ನಾ ಅವನ ಉಡಿ ತುಂಬ್ಲತೀನೇನು? ನೀ ಸುಮ್ನ ಸೆರಗ ಹಿಡಿ."

ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ಬಂದವನು ಊರ ಪೊಲೀಸ್ ಪಾಟೀಲ ಮಡೆಪ್ಪ. ರುಕ್ಮಿಣಿಬಾಯಿಯ ಗಂಡನ ಹಳೆಯ ಗೆಳೆಯ, ಅವಳನ್ನು ಅತ್ತಿಗೆಯೆಂದು ವೈನಿ ಎಂದೇ ಕರೆಯುವವನು. ತನಗೆ ಗೊತ್ತಿದ್ದ ಪದ್ಧತಿ ಒಂದು ಎಳೆಯೂ ಅತ್ತಿತ್ತ ಆಗಬಾರದು ಎನ್ನುವ ಮನುಷ್ಯ.

"ವೈನೀ, ಹಬ್ಬದ ದಿನ ಬಂದೆ ಅಂತ ಬೈಬ್ಯಾಡ್ರಿ. ಕುಲಸುಮಬೀದು ವಿಚಾರಣಿ ಮಾಡಿ ರಪಟು ಕೊಡು ಅಂತ ಬೀದರದಿಂದ ಹುಕುಮ್ ಆಗ್ಯಾದ."

"ರಪಟು ಬರೀಲಿಕ್ಕ ಬಂದ್ರೋ, ಉಂಡಿ ತಿನ್ಲಿಕ್ಕ ಬಂದ್ರೋ?"

"ಎರಡೂ ಆಗ್ತದ ಅಂದ್ರ ನಾ ಯಾಕ ಒಲ್ಲೆ ಅನ್ಲಿ?"

ಅವನು ಕಟ್ಟೆಯ ಮೇಲೆ ಕೂತು ಉಂಡಿ ಮುರಿಯತೊಡಗಿದ. ರುಕ್ಮಿಣಿಬಾಯಿ ತನ್ನ ಕೆಲಸ ಬಿಡಲಿಲ್ಲ. ಬೊಗಸೆ ಬೊಗಸೆ ಜೋಳ ಎತ್ತಿ ತಂಗಿಯ ಸೆರಗಿಗೆ ಹಾಕಿದಳು. ಮಡೆಪ್ಪ ನೋಡಿದ. ಅವನ ದವಡೆ ಸ್ವಲ್ಪ ಹೊತ್ತು ನಿಂತು ಮತ್ತೆ ಅಲುಗಿತು.

ಉಡಿ ತುಂಬಿಸಿಕೊಂಡವಳು ಒಂದು ಹಿಡಿ ಕಾಳನ್ನು ತಿರುಗಿ ತವರಿನ ಮೊರಕ್ಕೆ ಹಾಕಬೇಕು, ಉಳಿದದ್ದನ್ನು ತನ್ನ ಮನೆಗೆ ಒಯ್ಯಬೇಕು. ಕುಲಸುಮಬೀ ಒಂದು ಹಿಡಿ ಹಾಕಿದಳು. ಎರಡನೆಯದನ್ನೂ ಹಾಕಿದಳು. ಆಮೇಲೆ ಸೆರಗನ್ನೇ ಬಗ್ಗಿಸಿ ಎಲ್ಲ ಜೋಳವನ್ನೂ ಮೊರಕ್ಕೆ ಸುರಿದುಬಿಟ್ಟಳು.

"ಯಾಕ?" ಎಂದಳು ರುಕ್ಮಿಣಿಬಾಯಿ.

"ಎಲ್ಲಿಗಿ ಒಯ್ಲಿ ಅಕ್ಕಾ? ಉಡಿ ಬಿಚ್ಚಲಿಕ್ಕ ಒಂದು ಮನಿ ಬೇಕಲ್ಲ."

ಮಡೆಪ್ಪ ಕೈ ಝಾಡಿಸಿಕೊಂಡು, ನೀರು ಕುಡಿದು, ಕುಲಸುಮಬೀಯನ್ನು ನಾಲ್ಕು ಮಾತು ಕೇಳಿ, "ಬರ್ತೇನ್ರಿ ವೈನಿ" ಎಂದು ಎದ್ದು ಹೋದ.

ಹತ್ತು ಹನ್ನೆರಡು ದಿನಗಳಲ್ಲಿ ಬೀದರದಿಂದ ನೋಟೀಸು ಬಂತು. ರುಕ್ಮಿಣಿಬಾಯಿಯ ಮಗ ಶಿವರಾಜಪ್ಪ ಅರಿವೆ ಅಂಗಡಿಯ ಗಿರಾಕಿಯನ್ನು ಬಿಟ್ಟು ಅದನ್ನು ಮನೆಗೆ ತಂದು ಓದಿದ. ಅರ್ಜಿದಾರಳು ತಾನು ಗಂಡ ಸತ್ತವಳು ಎಂದು ಬರೆದಿದ್ದಾಳೆ. ಆದರೆ ಅವಳು ಉಡಿ ತುಂಬಿಸಿಕೊಂಡದ್ದನ್ನು ಪೊಲೀಸ್ ಪಾಟೀಲ ಕಣ್ಣಾರೆ ಕಂಡಿದ್ದಾನೆ. ಈ ಸೀಮೆಯಲ್ಲಿ ಮುತ್ತೈದೆಗೆ ಹೊರತು ಇನ್ನಾರಿಗೂ ಉಡಿ ತುಂಬುವ ವಾಡಿಕೆ ಇಲ್ಲ. ಆದ್ದರಿಂದ ಗಂಡ ಕರಾಚಿಯಲ್ಲಿ ಜೀವಂತ ಇರುವಂತೆ ತೋರುತ್ತದೆ. ಗಂಡ ಎಲ್ಲಿಯವನೋ ಹೆಂಡತಿಯೂ ಅಲ್ಲಿಯವಳು. ಸುಳ್ಳು ಹೇಳಿದ್ದರೆ ಅರ್ಜಿ ವಜಾ, ಪರಮಿಟ್ಟಿನ ಮುದ್ದತು ಮುಗಿದ ದಿನ ಗಡಿಯಾಚೆ. ಬಂದು ಜವಾಬು ಕೊಡತಕ್ಕದ್ದು.

"ಯವ್ವಾ, ಪಾಟೀಲ ಕುಂತಾಗೇ ಉಡಿ ತುಂಬಬೇಕಿತ್ತಾ?" ಎಂದ ಶಿವರಾಜಪ್ಪ.

"ಪಂಚಮಿ ಪಾಟೀಲನ್ನ ಕೇಳಿ ಬರ್ತದೇನೋ?"

"ನಗಬ್ಯಾಡ. ಮುಂದಿನ ವಾರ ಔರಾದದವರು ನಿನ್ನ ಮೊಮ್ಮಗಳನ್ನ ನೋಡ್ಲಿಕ್ಕ ಬರ್ಲತಾರ. ಗಂಡ ಸತ್ತಾಕಿ ಇನ್ನೊಬ್ಬ ಗಂಡ ಸತ್ತಾಕಿಗಿ ಉಡಿ ತುಂಬ್ಯಾಳ, ಅದೂ ಸಾಬರಾಕಿಗಿ, ಅಂತ ಅವರ ಕಿವಿಗಿ ಬಿದ್ದ್ರ ಮಾತು ಮುಂದ ನಡೀತದೇನು?" ಅವನು ದನಿ ತಗ್ಗಿಸಿದ. "ಮತ್ತ ಸೋದರಮಾವನ್ನ ಯಾರು ಕೊಂದ್ರು ಅಂಬೋದೂ ಮರತಿ."

ರುಕ್ಮಿಣಿಬಾಯಿ ಕೈಯಲ್ಲಿದ್ದ ಪುಂಡಿ ಸೊಪ್ಪನ್ನು ಕೆಳಗಿಟ್ಟಳು. "ಹಾವಗೆಪ್ಪನ ಹೆಣ ಬಂಡ್ಯಾಗ ಬಂದಾಗ ಎಲ್ಲಾರಕಿಂತ ಮೊದಲ ಗಾಲಿಗಿ ಬಿದ್ದು ಅತ್ತಾಕಿ ಯಾರು? ನೀ ಅಲ್ಲೇ ನಿಂತಿದ್ದಿ. ಎಬ್ಬಿಸಿದವನೂ ನೀನೇ."

ಶಿವರಾಜಪ್ಪ ನೋಟೀಸು ಮಡಿಚಿದ. ಆಕ್ಷನ್ನಿಗೆ ಮೊದಲು ಅವನೂ ಕುಲಸುಮಬೀಯನ್ನು ಸಣ್ಣವ್ವ ಎನ್ನುತ್ತಿದ್ದ. ಅವಳು ಕರಾಚಿಯಿಂದ ಬಂದ ಮೇಲೆ ಏನೂ ಅನ್ನುತ್ತಿರಲಿಲ್ಲ. ಕರೆಯುವ ಪ್ರಸಂಗ ಬಂದರೆ ಕೆಮ್ಮುತ್ತಿದ್ದ.

ನೋಟೀಸಿನ ದಿನ ಮೂವರೂ ಬೆಳಗಿನ ಗಾಡಿಗೆ ಬೀದರಕ್ಕೆ ಹೋದರು. ಕಿಟಕಿಯ ಆಚೆ ಹೆಸರು, ಉದ್ದು ಹಸುರಾಗಿ ನಿಂತಿದ್ದವು. ಕುಲಸುಮಬೀ ಒಂದೊಂದೇ ಹೊಲ ನೋಡುತ್ತ, ಯಾವುದು ಕಳೆ ತೆಗೆದದ್ದು, ಯಾವುದು ತೆಗೆಯದ್ದು ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ನಿಲ್ದಾಣದಿಂದ ಟಾಂಗಾ ಹಿಡಿದು, ಚೌಬಾರದ ಬುರುಜಿನ ಮುಂದೆ ಹಾಯ್ದು, ಕಚೇರಿ ಮುಟ್ಟಿದಾಗ ಮಡೆಪ್ಪ ಆಗಲೇ ಬೇವಿನ ಗಿಡದ ಕೆಳಗೆ ರುಮಾಲು ಸರಿಮಾಡಿಕೊಳ್ಳುತ್ತ ನಿಂತಿದ್ದ. ರುಕ್ಮಿಣಿಬಾಯಿ ಅವನತ್ತ ನೋಡಲಿಲ್ಲ. ಅವನೇ ಹತ್ತಿರ ಬಂದ.

"ವೈನೀ, ನಾ ಕಂಡದ್ದು ಬರದೀನಿ. ಕಾಣಲಾರದ್ದು ಒಂದು ಅಕ್ಷರ ಬರದಿಲ್ಲ."

"ಹೌದು ಬಿಡ್ರಿ. ನಿಮ್ಮ ಕಣ್ಣಿಗಿ ಏನೂ ಆಗಿಲ್ಲ" ಎಂದಳು ಅವಳು.

ವರಾಂಡದಲ್ಲಿ ಗುಮಾಸ್ತ ಜಹೀರೋದ್ದೀನ ಕಾಗದಗಳನ್ನು ಜೋಡಿಸುತ್ತಿದ್ದ. ಬೀದರದ ಹಳೆಯ ಮನೆತನದವನು. ಪರಮಿಟ್ಟಿನ ಅರ್ಜಿ ನೋಡುವ ಸಾಹೇಬರು ಮದರಾಸಿನ ಕಡೆಯವರು, ಅವರಿಗೆ ಕನ್ನಡ ಬಾರದು, ಉರ್ದು ಅಷ್ಟಕ್ಕಷ್ಟೇ. ಅದಕ್ಕೆ ಇವನೇ ಅವರ ಬಾಯಿ, ಇವನೇ ಕಿವಿ. ಮುಸಲ್ಮಾನರ ಅರ್ಜಿ ಬಂದಾಗಲೆಲ್ಲ ಅವನು ಒಂದು ಮಾತೂ ಹೆಚ್ಚು ಆಡುತ್ತಿರಲಿಲ್ಲ, ಎಲ್ಲಿ ತನ್ನವರ ಪರ ಎಂದಾರೋ ಎಂಬ ಹೆದರಿಕೆ. ಆ ದಿನ ಮಾತ್ರ ಅತ್ತಿತ್ತ ನೋಡಿ, ರುಕ್ಮಿಣಿಬಾಯಿಯ ಹತ್ತಿರ ಬಗ್ಗಿದ.

"ಅಮ್ಮಾ, ಒಂದು ಮಾತು ಹೇಳ್ತೇನಿ, ನಾ ಹೇಳ್ದೆ ಅನಬ್ಯಾಡ್ರಿ. ಗಂಡನ್ನ ಮಣ್ಣು ಮಾಡಿದ್ದಕ್ಕ ಕರಾಚಿ ಕಬರಸ್ತಾನದ ಚಿಟ್ಠಿ ಅದ, ಖರೆ. ಆದ್ರ ಅಂಥ ಚಿಟ್ಠಿ ಯಾರು ಬೇಕಾದ್ರೂ ಬರಸ್ತಾರ ಅಂತಾರ ಸಾಹೇಬ್ರು. ಪಾಟೀಲರ ರಪಟು ಗಟ್ಟಿ ಕುಂತದ. ನೀವು ಅದು ಉಡಿ ಅಲ್ಲ, ಖೈರಾತು, ದಾನ ಅಂದ್ಬಿಡ್ರಿ. ಹಸದು ಬಂದಾಕಿಗಿ ಹಬ್ಬದ ದಿನ ಜೋಳ ಕೊಟ್ಟೆ ಅನ್ರಿ. ಮುಗೀತು."

"ಅಂದ್ರ ಪರಮಿಟ್ ಸಿಗ್ತದಾ?"

"ರಪಟಿಂದು ಗೊಡವಿ ಹೋಗ್ತದ. ಮುಂದಿಂದು ಅಲ್ಲಾನ ಕೈಯಾಗ."

ಶಿವರಾಜಪ್ಪನ ಮುಖ ಸಡಿಲಾಯಿತು. "ಛಲೋ ಮಾತು ಹೇಳ್ಯಾರ. ಹಂಗೇ ಅನ್ನು ಯವ್ವಾ."

ರುಕ್ಮಿಣಿಬಾಯಿ ಬೇವಿನ ಕಟ್ಟೆಯ ಮೇಲೆ ಹೋಗಿ ಕೂತಳು. ಸ್ವಲ್ಪ ದೂರದಲ್ಲಿ ಕುಲಸುಮಬೀ ಗೋಡೆಗೆ ಒರಗಿ ಕೂತಿದ್ದಳು. ಎಲ್ಲ ಕೇಳಿಸಿತ್ತು ಅವಳಿಗೆ. ಕೇಳಿಸದವಳ ಹಾಗೆ ಕಾಲಿನ ಉಂಗುಟದಿಂದ ಮಣ್ಣು ಕೆರೆಯುತ್ತಿದ್ದಳು. ಖೈರಾತು ಎಂದು ಹೇಳುವುದು ಕಷ್ಟವೇನಲ್ಲ ಎಂದುಕೊಂಡಳು ರುಕ್ಮಿಣಿಬಾಯಿ. ನಾಲಿಗೆಯ ಒಂದು ಹೊರಳು. ಹೇಳಿದರೆ ಔರಾದದವರ ಮಾತೂ ಉಳಿಯುತ್ತದೆ, ಮಗನ ಮುಖವೂ ಉಳಿಯುತ್ತದೆ. ಕುಲಸುಮಬೀಯೂ ಉಳಿಯಬಹುದು. ಆದರೆ ಉಳಿದು ಯಾರ ಮನೆಯಲ್ಲಿ ಇರುತ್ತಾಳೆ? ಅಕ್ಕನ ಮನೆಯಲ್ಲಿದ್ದವಳು, ಈ ಕಚೇರಿಯ ಮೆಟ್ಟಿಲು ಇಳಿಯುವಾಗ, ಜೋಳ ಕೊಟ್ಟವರ ಮನೆಯಲ್ಲಿ ಬಿದ್ದಿರುವವಳಾಗುತ್ತಾಳೆ. ಬಾಗಿಲಿಗೆ ಬಂದು ಮುಷ್ಟಿ ಹಿಟ್ಟು ಬೇಡುವವರಿಗೆ ಮನೆ ಯಾವುದೆಂದು ಯಾರೂ ಕೇಳುವುದಿಲ್ಲ. ಅವ್ವ ಎರಡು ಕೂಸುಗಳನ್ನು ಒಂದೇ ಮಡಿಲಲ್ಲಿ ಹಾಕಿಕೊಂಡಿದ್ದು ಖೈರಾತು ಆಗಿದ್ದರೆ, ಪಿಂಜಾರರ ಕೂಸಿಗೆ ಬಟ್ಟಲಲ್ಲಿ ಆಡಿನ ಹಾಲು ಕೊಟ್ಟು ಕಳಿಸುತ್ತಿದ್ದಳು. ಸುಲಭವಿತ್ತು.

ಒಳಗಿನಿಂದ ಜವಾನ ಹೆಸರು ಕೂಗಿದ.

ಸಾಹೇಬರು ಇನ್ನೂ ಹರೆಯದವರು. ಮೇಜಿನ ಮೇಲೆ ಕಾಗದ ಹಾರದಂತೆ ಕಲ್ಲುಗಳನ್ನಿಟ್ಟಿದ್ದರು. ಅವರು ಇಂಗ್ಲಿಷಿನಲ್ಲಿ ಕೇಳಿದ್ದನ್ನು ಜಹೀರೋದ್ದೀನ ಕನ್ನಡದಲ್ಲಿ ಹೇಳಿದ: "ಮಡೆಪ್ಪ ಪಾಟೀಲ, ನೀವು ಬರದದ್ದು ಖರೆ ಏನು?"

"ಖರೆ ಅದರಿ. ನಾ ಕಟ್ಟಿ ಮ್ಯಾಲೆ ಕುಂತಿದ್ದೆ. ಉಡಿ ತುಂಬಿದ್ದು ಕಂಡೀನಿ. ನಮ್ಮ ಕಡಿ ಮುತ್ತೈದಿ ಮುತ್ತೈದಿಗಿ ತುಂಬ್ತಾಳ್ರಿ. ಬ್ಯಾರೆ ಇಲ್ಲ."

ಸಾಹೇಬರು ರುಕ್ಮಿಣಿಬಾಯಿಯತ್ತ ನೋಡಿದರು. ಜಹೀರೋದ್ದೀನ ಕೇಳಿದ: "ನೀವು ಆ ದಿನ ಅಕಿಗಿ ಏನು ಕೊಟ್ರಿ?" ಕೇಳುವಾಗ ಅವನ ಕಣ್ಣು ಅವಳ ಬಾಯಿಯ ಮೇಲೇ ಇತ್ತು.

"ಉಡಿ ತುಂಬಿದೆ" ಎಂದಳು ರುಕ್ಮಿಣಿಬಾಯಿ.

ಹಿಂದೆ ಶಿವರಾಜಪ್ಪ ಉಸಿರು ಬಿಟ್ಟದ್ದು ಕೇಳಿಸಿತು. ಜಹೀರೋದ್ದೀನ ಒಂದು ಗಳಿಗೆ ತಡೆದು ಸಾಹೇಬರಿಗೆ ಹೇಳಿದ. ಸಾಹೇಬರು ಪೆನ್ನು ಎತ್ತಿಕೊಂಡರು.

"ತಡೀರಿ, ನಂದಿನ್ನೂ ಮುಗಿದಿಲ್ಲ" ಎಂದಳು ಅವಳು. "ಪಾಟೀಲರಿಗಿ ಎರಡು ಮಾತು ಕೇಳ್ತೇನಿ, ಕೇಳಬಹುದೇನು?"

ಸಾಹೇಬರು ತಲೆಯಾಡಿಸಿದರು.

"ಪಾಟೀಲರೇ, ಅವತ್ತು ಉಡಿ ತುಂಬಿದ ಕೈ ಯಾರವು?"

"ನಿಮ್ಮವೇ ವೈನಿ. ಕಂಡೀನಿ."

ರುಕ್ಮಿಣಿಬಾಯಿ ಸೆರಗಿನೊಳಗಿನಿಂದ ಎರಡೂ ಕೈ ಹೊರಗೆ ತೆಗೆದು ಮೇಜಿನ ಅಂಚಿನ ಮೇಲೆ ಇಟ್ಟಳು. ಒಂದರಲ್ಲೂ ಬಳೆ ಇರಲಿಲ್ಲ.

"ನನ್ನ ಗಂಡ ಎಲ್ಲಿದ್ದಾನ್ರಿ?"

ಮಡೆಪ್ಪ ರುಮಾಲಿಗೆ ಕೈ ಒಯ್ದ. "ಅದೇನು ಕೇಳ್ತೀರಿ ವೈನಿ. ನಾನೇ ಹೆಗಲು ಕೊಟ್ಟೀನಿ."

"ಹಂಗಾದ್ರ ಮುತ್ತೈದಿ ತುಂಬಿದ್ರ ಉಡಿ, ಇಲ್ಲಂದ್ರ ಉಡಿ ಅಲ್ಲ, ಅಂಬೋದು ನಿಮ್ಮ ಮಾತು. ಆ ಮಾತು ಖರೆ ಇದ್ರ ನಾ ತುಂಬಿದ್ದು ಉಡೀನೇ ಅಲ್ಲ, ನಿಮ್ಮ ರಪಟು ಅಲ್ಲಿಗಿ ಮುಗೀತು. ನಾ ತುಂಬಿದ್ದು ಉಡಿ ಹೌದು ಅಂದ್ರ, ಗಂಡ ಸತ್ತಾಕಿ ಗಂಡ ಸತ್ತಾಕಿಗಿ ತುಂಬ್ಯಾಳ. ಎರಡರಾಗ ಯಾವುದು ಬೇಕಾದ್ದು ಬರಕೋರಿ. ಆದ್ರ ಅದರಾಗ ಉಸ್ಮಾನ ಮಿಯಾ ಹ್ಯಾಂಗ ಜೀವಂತ ಆದ?"

ಜಹೀರೋದ್ದೀನ ಇದನ್ನು ಇಂಗ್ಲಿಷಿಗೆ ತಿರುಗಿಸುವಾಗ ಎರಡು ಸಲ ತಡವರಿಸಿ ಮತ್ತೆ ಮೊದಲಿನಿಂದ ಹೇಳಿದ. ಸಾಹೇಬರು ಪಾಟೀಲನನ್ನು ನೋಡಿದರು. ಪಾಟೀಲ ತನ್ನ ಚಪ್ಪಲಿ ನೋಡಿಕೊಂಡ.

"ಇದು ನನಗ ಹೊಳೀಲಿಲ್ರಿ" ಎಂದ ಮಡೆಪ್ಪ, ಸಣ್ಣ ದನಿಯಲ್ಲಿ. "ಎಷ್ಟೋ ವರ್ಷದಿಂದ ನೋಡ್ತೇನಿ, ವೈನಿ ಅಂದ್ರ ವೈನಿ. ಅವರನ್ನ ನಾ ಗಂಡ ಸತ್ತಾಕಿ ಅಂತ ಎಣಿಸಿದ್ದೇ ಇಲ್ಲ."

ಸಾಹೇಬರು ಮತ್ತೆ ಏನೋ ಕೇಳಿದರು. "ಹಾಗಾದ್ರ ನಿಮ್ಮಲ್ಲಿ ಇದಕ್ಕ ಅರ್ಥ ಏನು ಅಂತ ಕೇಳ್ಲತಾರ" ಎಂದ ಜಹೀರೋದ್ದೀನ.

"ತವರು ಮಾಡೋ ಕೆಲಸ ಅದು. ನಮ್ಮ ಅವ್ವನ ಹಾಲು ಕುಡದು ಬೆಳದಾಳ ಅಕಿ. ಹಾವಗೆಪ್ಪ ಇರೋತನ ಅವನ ಮನ್ಯಾಗ ತುಂಬ್ತಿದ್ರು. ಈಗ ಅಂವ ಇಲ್ಲ, ಅದಕ್ಕ ನಾ ತುಂಬಿದೆ. ಗಂಡ ಸತ್ತ್ರ ತವರು ಸಾಯ್ತದೇನ್ರಿ?" ಅವಳು ಸ್ವಲ್ಪ ಸುಧಾರಿಸಿಕೊಂಡಳು. "ಮತ್ತ ಪಾಟೀಲರು ಇನ್ನೂ ಒಂದು ಕಂಡಾರ. ಅದನ್ಯಾಕ ಬರದಿಲ್ಲೋ ಕೇಳ್ರಿ. ತುಂಬಿದ ಮ್ಯಾಲ ಅಕಿ ಏನ್ ಮಾಡಿದ್ಲು?"

ಮಡೆಪ್ಪ ತಲೆ ಎತ್ತಿದ. "ಸುರದ್ಲರಿ. ಎಲ್ಲಾ ತಿರುಗಿ ಮೊರಕ್ಕ ಸುರದ್ಲು. ಒಂದು ಹಿಡಿ ಹಾಕೋ ಪದ್ಧತಿ. ಅಕಿ ಎಲ್ಲಾನೂ ಹಾಕಿದ್ಲು. ಒಯ್ಲಿಕ್ಕ ಮನಿ ಇಲ್ಲ ಅಂದ್ಲು." ಅವನು ಸಾಹೇಬರತ್ತ ತಿರುಗಿದ. "ಗಂಡ ಇದ್ದಾನೋ ಇಲ್ಲೋ ಅಂತ ಅಷ್ಟೇ ಹುಕುಮ್ ಇತ್ತರಿ, ಅದಕ್ಕ ಇದು ಬರೀಲಿಲ್ಲ. ಗಂಡ ಇರೋ ಹೆಣಮಗಳು ಹಂಗ ಮಾಡಂಗಿಲ್ಲ. ಅದನ್ನ ನಾ ವಿಚಾರ ಮಾಡಬೇಕಿತ್ತು."

ಸಾಹೇಬರು ರುಕ್ಮಿಣಿಬಾಯಿಯ ಬರಿಗೈಗಳನ್ನೇ ನೋಡುತ್ತಿದ್ದರು. ಆಮೇಲೆ ತಾವೇ, ಮುರಿದ ಉರ್ದುವಿನಲ್ಲಿ, ನಿಧಾನವಾಗಿ, ತಮ್ಮ ಮನೆಯಲ್ಲೂ ತಂದೆ ಹೋದ ಮೇಲೆ ತಾಯಿ ಹಬ್ಬದ ದಿನ ಒಳಕೋಣೆ ಬಿಟ್ಟು ಹೊರಗೆ ಬರುವುದಿಲ್ಲ ಎಂದರು. ಅಷ್ಟೇ ಹೇಳಿ, ಮತ್ತೆ ಇಂಗ್ಲಿಷಿಗೆ ಹೋಗಿ, ಕಾಗದದ ಮೇಲೆ ಬರೆಯತೊಡಗಿದರು.

"ರಪಟು ರದ್ದು ಮಾಡ್ಯಾರ" ಎಂದ ಜಹೀರೋದ್ದೀನ. "ಇಲ್ಲೇ ಇರ್ಲಿಕ್ಕ ಹೈದರಾಬಾದಿಗಿ ಶಿಫಾರಸು ಮಾಡ್ತಾರ. ಆದ್ರ ಜಾಮೀನುದಾರ ಬೇಕು. ಅಕಿ ಹೊಟ್ಟಿ ಬಟ್ಟಿ ನೋಡಿಕೊಳ್ಳಾವ್ರು, ಮನಿ ಮಾರು ಇದ್ದಾವ್ರು, ಗಂಡಸರು. ಮತ್ತ ಅಕಿಗಿ ಏನಾಗಬೇಕು ಅಂಬೋದೂ ಬರೀಬೇಕು."

ರುಕ್ಮಿಣಿಬಾಯಿ ಹಿಂತಿರುಗಿ ನೋಡಲಿಲ್ಲ. ತಾನು ಕೊಡಬಹುದಾದದ್ದನ್ನು ಕೊಟ್ಟಾಗಿತ್ತು. ಇದು ಮಗನದು. ಬೇಡಿ ಪಡೆದರೆ ಅದೂ ಖೈರಾತೇ.

ಶಿವರಾಜಪ್ಪ ಬಾಗಿಲ ಹತ್ತಿರ ನಿಂತಿದ್ದ. ಒಮ್ಮೆ ಕೆಮ್ಮಿದ. ಅವನು ಮುಂದೆ ಬಂದು ಮೇಜಿನ ಹತ್ತಿರ ನಿಂತಾಗ ಕುಲಸುಮಬೀ ಮುಖದ ಮೇಲೆ ಸೆರಗು ಎಳೆದುಕೊಂಡಳು.

"ಎಲ್ಲಿ ಸಹಿ ಮಾಡಬೇಕ್ರಿ?"

"ಮೊದಲ ಇದು ಹೇಳ್ರಿ. ಏನಾಗಬೇಕು ನಿಮಗ?"

"ಸಣ್ಣವ್ವ" ಎಂದ ಅವನು. "ಸಣ್ಣವ್ವ ಆಗಬೇಕ್ರಿ."

ಔರಾದದವರು ಆ ವಾರ ಬರಲಿಲ್ಲ, ಮರುವಾರವೂ ಬರಲಿಲ್ಲ. ಹೊಲದ ಕೆಲಸ ಬಹಳ ಅದ ಎಂದು ಯಾರ ಕೈಯಲ್ಲೋ ಹೇಳಿ ಕಳಿಸಿದರು. ಶಿವರಾಜಪ್ಪ ಅದನ್ನು ತಾಯಿಗೆ ಹೇಳಿದವನು ಮುಂದೆ ಅದರ ಮಾತೆತ್ತಲಿಲ್ಲ. ಆದರೆ ಬಹಳ ದಿನ ರೊಟ್ಟಿ ತಿನ್ನುವಾಗ ತಾಟಿನಿಂದ ತಲೆ ಎತ್ತುತ್ತಿರಲಿಲ್ಲ. ರುಕ್ಮಿಣಿಬಾಯಿಯೂ ಎತ್ತಿಸಲು ಹೋಗಲಿಲ್ಲ. ಮೊಮ್ಮಗಳಿಗೆ ಮುಂದೆ ಕಮಲನಗರದ ಕಡೆಯ ಸಂಬಂಧ ಬಂತು. ಅವರು ಎಲ್ಲ ಕೇಳಿಕೊಂಡೇ ಬಂದಿದ್ದರು.

ಪರಮಿಟ್ ಬಂದದ್ದು ಚಳಿಗಾಲದಲ್ಲಿ. ಅಲ್ಲಿಯತನಕ ಹಳೆಯ ಮುದ್ದತನ್ನು ಬೆಳೆಸುತ್ತ, ಬೀದರಕ್ಕೆ ಓಡಾಡುತ್ತ ಕಾಲ ಹೋಯಿತು. ಕುಲಸುಮಬೀಯ ಮನೆಯ ಸರಕಾರದ ಬೀಗ ಮಾತ್ರ ತೆಗೆಯಲಿಲ್ಲ. ಶಿವರಾಜಪ್ಪ ಓಣಿಯ ಕಡೆಗಿದ್ದ ಹತ್ತಿಕಾಳಿನ ಖೋಲಿಯನ್ನು ಖಾಲಿ ಮಾಡಿಸಿ, ಸುಣ್ಣ ಹಚ್ಚಿಸಿ, ಅದಕ್ಕೆ ಹೊರಗಿನಿಂದ ಬೇರೆ ಬಾಗಿಲು ಇಡಿಸಿಕೊಟ್ಟ. ಕುಲಸುಮಬೀ ತಾನೇ ಮಣ್ಣು ಕಲಸಿ ಒಲೆ ಹೂಡಿದಳು.

ಮುಂದಿನ ಪಂಚಮಿಗೆ ರುಕ್ಮಿಣಿಬಾಯಿ ಮತ್ತೆ ಕಂಬಳಿ ಹಾಸಿದಳು. ಈ ಸಲ ಮಡೆಪ್ಪನಿಗೆ ತಾನಾಗಿಯೇ ಹೇಳಿ ಕಳಿಸಿದ್ದಳು. ಅವನು ಬಂದು, ಅದೇ ಕಟ್ಟೆಯ ಮೇಲೆ ಕೂತು, ಉಂಡಿ ಮುರಿಯುತ್ತ, ಬೇಕೆಂದೇ ಓಣಿಯ ಕಡೆ ಮುಖ ಮಾಡಿಕೊಂಡ.

"ಈ ಕಡಿ ನೋಡ್ರಿ ಪಾಟೀಲರೇ" ಎಂದಳು ರುಕ್ಮಿಣಿಬಾಯಿ. "ನಾಳಿಗಿ ಯಾರರ ರಪಟು ಕೇಳ್ಯಾರು."

"ಇನ್ನ ನಾ ಏನೂ ಕಾಣಂಗಿಲ್ಲ ವೈನಿ. ಉಂಡಿ ಒಂದು ಕಾಣ್ತದ."

ಕುಲಸುಮಬೀ ಸೆರಗು ಹಿಡಿದಳು. ಬೊಗಸೆ ಬೊಗಸೆಯಾಗಿ ಜೋಳ ಬಿತ್ತು, ಕೊಬ್ಬರಿ ಬಿತ್ತು, ಅರಿಶಿನದ ಕೊಂಬು ಬಿತ್ತು. ಅವಳು ಒಂದು ಹಿಡಿ ತೆಗೆದು ಮೊರಕ್ಕೆ ಹಾಕಿದಳು. ಎರಡನೆಯ ಹಿಡಿಗೆ ಕೈ ಹೋಗಿ ನಿಂತಿತು. ರುಕ್ಮಿಣಿಬಾಯಿ ಸುಮ್ಮನೆ ನೋಡುತ್ತಿದ್ದಳು. ಕುಲಸುಮಬೀ ಆ ಕೈಯನ್ನು ಹಿಂದೆ ತೆಗೆದು, ಸೆರಗನ್ನು ಹೊಟ್ಟೆಗೆ ಅವುಚಿಕೊಂಡು, ನೆಲಕ್ಕೆ ಕೈಯೂರಿ ಎದ್ದಳು. ಪಡಸಾಲೆ ದಾಟಿ, ಮಡೆಪ್ಪನ ಮುಂದೆ ಹಾಯ್ದು, ತನ್ನ ಖೋಲಿಯ ಬಾಗಿಲು ದೂಡಿ ಒಳಗೆ ಹೋದಳು. ಗಡಿಗೆಗೆ ಜೋಳ ಬೀಳುವ ಸದ್ದು ಕೇಳಿಸಿತು.

ರುಕ್ಮಿಣಿಬಾಯಿ ಮೊರದಲ್ಲಿ ಉಳಿದ ಹಿಡಿ ಕಾಳನ್ನು ಬಳಿದು ತನ್ನ ಕಣಜದ ಜೋಳದಲ್ಲಿ ಕೂಡಿಸಿ, ಕಂಬಳಿ ಮಡಿಚಿಟ್ಟಳು.